ಸರಾಸರಿಗೆ ಬೆವರು ಬರುವುದಿಲ್ಲ

ನೆರೆ ಬಂದರೆ ಅದರ ಚಿತ್ರ ತಾನಾಗಿಯೇ ಸಿಗುತ್ತದೆ: ಮುಳುಗಿದ ಮನೆ, ಮಾಳಿಗೆ ಏರಿ ಕೂತ ಕುಟುಂಬ, ಕೆಂಪು ನೀರಿನಲ್ಲಿ ಕೊಚ್ಚಿಹೋಗುವ ದನ. ಬರಕ್ಕೂ ಚಿತ್ರವಿದೆ: ಬಿರಿದ ಕೆರೆಯಂಗಳ, ಟ್ಯಾಂಕರಿನ ಮುಂದೆ ಖಾಲಿ ಕೊಡಗಳ ಸಾಲು. ಬಿಸಿಲಿನ ಹೊಡೆತಕ್ಕೆ ಮಾತ್ರ ಅಂಥ ಚಿತ್ರವಿಲ್ಲ. 45 ಡಿಗ್ರಿ ಸೆಲ್ಸಿಯಸ್‌ನ ಮಧ್ಯಾಹ್ನದ ಬೀದಿ ಫೋಟೊದಲ್ಲಿ 32 ಡಿಗ್ರಿಯ ಬೀದಿಯ ಹಾಗೆಯೇ ಕಾಣುತ್ತದೆ. ತಗಡಿನ ಶೀಟಿನ ಕೆಳಗೆ ರಾತ್ರಿಯಿಡೀ ನಿದ್ದೆ ಬಾರದೆ ಹೊರಳುವ ಮುದುಕಿಯ ಎದೆಬಡಿತ ಯಾವ ಕ್ಯಾಮೆರಾಕ್ಕೂ ಸಿಗುವುದಿಲ್ಲ. ಆಕೆ ತೀರಿಕೊಂಡರೆ ದಾಖಲೆಯಲ್ಲಿ ಹೃದಯಾಘಾತ ಎಂದು ಬರೆಯುತ್ತಾರೆ. ಬಿಸಿಲಿನ ಹೆಸರು ಅಲ್ಲಿರುವುದಿಲ್ಲ.

ಹೀಗೆ ಕಣ್ಣಿಗೆ ಬೀಳದೆ ಕೊಲ್ಲುವ ವಿಪತ್ತು ಸಣ್ಣದೇನಲ್ಲ. 1995ರ ಜುಲೈನಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ಒಂದೇ ಬಿಸಿಲಿನ ಅಲೆಗೆ ವಾಡಿಕೆಗಿಂತ 739 ಮಂದಿ ಹೆಚ್ಚು ಸತ್ತರು. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣಾಂಶ 46.8 ಡಿಗ್ರಿ ಮುಟ್ಟಿತು. ಆ ಒಂದು ತಿಂಗಳಲ್ಲಿ 1,344 ಹೆಚ್ಚುವರಿ ಸಾವುಗಳಾಗಿದ್ದವು ಎಂದು ನಂತರದ ಅಧ್ಯಯನ ಲೆಕ್ಕ ಹಾಕಿತು. 2022ರ ಬೇಸಿಗೆಯಲ್ಲಿ ಯುರೋಪು 61,000ಕ್ಕೂ ಹೆಚ್ಚು ಜನರನ್ನು ಬಿಸಿಲಿಗೆ ಕಳೆದುಕೊಂಡಿತೆಂಬ ಅಂದಾಜಿದೆ. ಇವೆಲ್ಲ ಘಟನೆ ಮುಗಿದ ಮೇಲೆ, ಸಾವಿನ ಕಡತಗಳನ್ನು ಹಿಂದಿನ ವರ್ಷಗಳ ಜೊತೆ ಹೋಲಿಸಿ ನೋಡಿದಾಗ ಹೊರಬಿದ್ದ ಸಂಖ್ಯೆಗಳು. ಜನ ಸಾಯುತ್ತಿದ್ದ ದಿನಗಳಲ್ಲಿ ಅವರ ಸಾವು ಯಾರಿಗೂ ದೃಶ್ಯವಾಗಿ ಕಂಡಿರಲಿಲ್ಲ.

ಕಂಡದ್ದು ಬೇರೆಯೇ ದೃಶ್ಯ. 2019ರ ಯುರೋಪಿನ ಬಿಸಿಲಿನ ಅಲೆಯ ಸುದ್ದಿಗಳಿಗೆ ಬ್ರಿಟನ್, ಫ್ರಾನ್ಸ್, ಜರ್ಮನಿ ಮತ್ತು ನೆದರ್ಲೆಂಡ್ಸ್‌ನ ಮಾಧ್ಯಮಗಳು ಎಂಥ ಚಿತ್ರಗಳನ್ನು ಬಳಸಿದವು ಎಂದು ಎಕ್ಸಿಟರ್ ವಿಶ್ವವಿದ್ಯಾಲಯದ ಸ್ಯಾಫ್ರನ್ ಓನೀಲ್ ಮತ್ತು ಸಂಗಡಿಗರು ಪರಿಶೀಲಿಸಿದರು. ಕಾರಂಜಿಯಲ್ಲಿ ಕುಣಿಯುವ ಮಕ್ಕಳು, ಕಡಲತೀರದಲ್ಲಿ ಮಲಗಿದವರು, ನೀರಾಟ. ಬರಹ ಅಪಾಯದ ಬಗ್ಗೆ ಎಚ್ಚರಿಸುತ್ತಿದ್ದರೂ ಪಕ್ಕದ ಚಿತ್ರ ರಜೆಯ ಸಂತೋಷವನ್ನು ತೋರಿಸುತ್ತಿತ್ತು. ಅಪಾಯ ತೋರಿಸಲು ಹೊರಟ ಚಿತ್ರಗಳಲ್ಲಿ ಕಿತ್ತಳೆ ಬಣ್ಣದ ಆಕಾಶವಿತ್ತು, ಮನುಷ್ಯರು ಇರಲಿಲ್ಲ. ನಮ್ಮ ಪತ್ರಿಕೆಗಳ ಏಪ್ರಿಲ್ ಪುಟಗಳನ್ನು ನೆನೆಸಿಕೊಂಡರೆ ಕಲ್ಲಂಗಡಿ ಹಣ್ಣಿನ ರಾಶಿ, ದುಪಟ್ಟಾ ಸುತ್ತಿಕೊಂಡು ಸ್ಕೂಟರ್ ಓಡಿಸುವ ಯುವತಿಯರು, ಬಾಟಲಿ ಎತ್ತಿ ನೀರು ಕುಡಿಯುವ ಪೊಲೀಸ್ ಪೇದೆ ಕಣ್ಣ ಮುಂದೆ ಬರುತ್ತಾರೆ. ಇವು ಸುಳ್ಳು ಚಿತ್ರಗಳಲ್ಲ. ಆದರೆ ಸಾಯುವವರು ಈ ಚಿತ್ರಗಳ ಹೊರಗಿದ್ದಾರೆ.

ಡಿಜಿಟಲ್ ಕಲೆಗೆ ಇಲ್ಲಿ ನಿಜವಾದ ಕೆಲಸವಿದೆ ಎಂದು ನಾನು ನಂಬುತ್ತೇನೆ. ಕ್ಯಾಮೆರಾ ಬೆಳಕನ್ನು ಹಿಡಿಯುತ್ತದೆ, ಬಿಸಿಯನ್ನು ಹಿಡಿಯುವುದಿಲ್ಲ. ದತ್ತಾಂಶ, ಸಂವೇದಕ ಮತ್ತು ಕಂಪ್ಯೂಟರ್ ಪ್ರೋಗ್ರಾಂಗಳನ್ನು ಕುಂಚದಂತೆ ಬಳಸುವ ಕಲಾವಿದರಿಗೆ ಮಾತ್ರ ಕಾಲ, ಅಳತೆ, ಏರಿಳಿತ, ಅನಿಲದಂಥ ಕಾಣದ ಸಂಗತಿಗಳೇ ಕಚ್ಚಾ ಸಾಮಗ್ರಿ. ಆದರೆ ಈ ಕಲೆ ಈಗ ನಿಂತಿರುವ ಜಾಗ ಸಾಲದು ಎಂಬುದೂ ನನ್ನ ವಾದ. ಅದು ಭೂಮಿಯ ಸರಾಸರಿ ಜ್ವರವನ್ನು ಚೆನ್ನಾಗಿ ತೋರಿಸಲು ಕಲಿತಿದೆ. ಯಾರ ಮೈ, ಯಾವ ಸೂರಿನ ಕೆಳಗೆ, ಯಾವ ಹೊತ್ತಿನಲ್ಲಿ ಬೇಯುತ್ತಿದೆ ಎಂಬುದನ್ನು ತೋರಿಸಲು ಇನ್ನೂ ಕಲಿಯಬೇಕಿದೆ. ಬಿಸಿಲಿನ ಕಲೆಯನ್ನು ಅಳೆಯಬೇಕಾದ್ದು ಅದು ಎಷ್ಟು ಸುಂದರ, ಎಷ್ಟು ಭಯಾನಕ ಎಂಬುದರಿಂದಲ್ಲ. ಅದು ಯಾರ ಬಿಸಿಲನ್ನು ಎಣಿಕೆಗೆ ತಂದಿತು ಎಂಬುದರಿಂದ.

ಮೊದಲು ಗೆದ್ದದ್ದನ್ನು ನೋಡೋಣ. ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಎಡ್ ಹಾಕಿನ್ಸ್ 2016ರ ಮೇ ತಿಂಗಳಲ್ಲಿ ಒಂದು ಸಣ್ಣ ಚಲಿಸುವ ನಕ್ಷೆಯನ್ನು ಪ್ರಕಟಿಸಿದರು. 1850ರಿಂದ ಈಚೆಗೆ ಭೂಮಿಯ ತಿಂಗಳುವಾರು ಉಷ್ಣಾಂಶವು ಸುರುಳಿಯಂತೆ ಸುತ್ತುತ್ತ, ಸುತ್ತುತ್ತ, ಹೊರಗಿನ ವೃತ್ತಗಳ ಕಡೆಗೆ ಹಿಗ್ಗುತ್ತ ಹೋಗುತ್ತದೆ. ಅದೇ ವರ್ಷ ಆಗಸ್ಟಿನಲ್ಲಿ ರಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಈ ಸುರುಳಿಯನ್ನು ಇಡೀ ಜಗತ್ತಿಗೆ ತೋರಿಸಿದರು. 2018ರಲ್ಲಿ ಹಾಕಿನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಂಕಿ, ಅಕ್ಷ, ಗೆರೆ ಎಲ್ಲವನ್ನೂ ತೆಗೆದುಹಾಕಿದರು. ಉಳಿದದ್ದು ಬರೀ ಬಣ್ಣದ ಪಟ್ಟಿಗಳು. ಒಂದು ವರ್ಷಕ್ಕೆ ಒಂದು ಪಟ್ಟಿ. ತಂಪು ವರ್ಷಕ್ಕೆ ನೀಲಿ, ಬಿಸಿ ವರ್ಷಕ್ಕೆ ಕೆಂಪು. ಎಡದಿಂದ ಬಲಕ್ಕೆ ಕಣ್ಣು ಹಾಯಿಸಿದರೆ ನೀಲಿ ತಿಳಿಯಾಗಿ, ಕೆಂಪು ತಲೆದೋರಿ, ಕೊನೆಗೆ ಕಡುಗೆಂಪು ಆವರಿಸುತ್ತದೆ. ‘ವಾರ್ಮಿಂಗ್ ಸ್ಟ್ರೈಪ್ಸ್’ ಎಂದು ಹೆಸರಾದದ್ದು ಇದೇ.

ಇದರ ಹಿಂದೆ ಒಂದು ಕೈಕಸುಬಿನ ಕಥೆಯೂ ಇದೆ. ಅದೇ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಎಲ್ಲೀ ಹೈವುಡ್ 2017ರಲ್ಲಿ ಒಂದೊಂದು ವರ್ಷದ ಉಷ್ಣಾಂಶಕ್ಕೆ ಒಂದೊಂದು ಬಣ್ಣದ ಉಣ್ಣೆಯ ಸಾಲು ಹೆಣೆದು ಒಂದು ಹೊದಿಕೆ ಮಾಡಿದ್ದರು. ಹಾಕಿನ್ಸ್‌ಗೆ ಪಟ್ಟಿಗಳ ಯೋಚನೆಗೆ ಅದು ಪ್ರೇರಣೆಯಾಯಿತು. 2019ರ ಜೂನ್‌ನಲ್ಲಿ ಬಹುತೇಕ ಎಲ್ಲ ದೇಶಗಳ ಪಟ್ಟಿಗಳನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳುವಂತೆ ಮಾಡಿದರು. ಅವು ಟೈಗಳ ಮೇಲೆ, ಟ್ರಾಮ್‌ಗಳ ಮೇಲೆ, ‘ದಿ ಎಕನಾಮಿಸ್ಟ್’ ಪತ್ರಿಕೆಯ ಮುಖಪುಟದಲ್ಲಿ, ರೀಡಿಂಗ್ ಫುಟ್‌ಬಾಲ್ ತಂಡದ ಅಂಗಿಯ ತೋಳುಗಳ ಮೇಲೆ ಬಂದವು. ಅಕ್ಷರ ಬಾರದವರಿಗೂ, ಯಾವ ಭಾಷೆಯವರಿಗೂ ಒಂದೇ ನೋಟಕ್ಕೆ ಅರ್ಥವಾಗುವ ಚಿತ್ರ ಅದು. ವಿಜ್ಞಾನಿಗಳ ವರದಿಗಳು ಮೂರು ದಶಕ ಹೇಳಿದ ಮಾತನ್ನು ಅದು ಮೂರು ಸೆಕೆಂಡಿನಲ್ಲಿ ಹೇಳಿತು. ಹವಾಮಾನ ಕುರಿತ ಡಿಜಿಟಲ್ ಕೃತಿಗಳಲ್ಲಿ ಇದಕ್ಕಿಂತ ಹೆಚ್ಚು ಜನರನ್ನು ತಲುಪಿದ್ದು ನನ್ನ ಅರಿವಿನಲ್ಲಿ ಇನ್ನೊಂದಿಲ್ಲ.

ಆದರೂ ಆ ಪಟ್ಟಿಗಳ ಮುಂದೆ ನಿಂತು ಒಂದು ಪ್ರಶ್ನೆ ಕೇಳಬೇಕು. ಒಂದು ಪಟ್ಟಿಯೆಂದರೆ ಇಡೀ ಭೂಮಿಯ, ಇಡೀ ವರ್ಷದ ಸರಾಸರಿ. ಸಾಗರ ಮತ್ತು ಹಿಮಖಂಡ, ಹಗಲು ಮತ್ತು ರಾತ್ರಿ, ಮಾಘ ಮತ್ತು ವೈಶಾಖ ಎಲ್ಲವೂ ಅದರಲ್ಲಿ ಕರಗಿಹೋಗಿವೆ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ನೇ ಇಸವಿಯು ಕೈಗಾರಿಕೆಗೆ ಮುಂಚಿನ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಬಿಸಿಯಾಗಿತ್ತು. ವಿಜ್ಞಾನಕ್ಕೆ ಇದು ಗಾಬರಿ ಹುಟ್ಟಿಸುವ ಅಂಕಿ. ಸಾಮಾನ್ಯ ಓದುಗನಿಗೆ ಒಂದೂವರೆ ಡಿಗ್ರಿ ಎಂದರೆ ಫ್ಯಾನಿನ ವೇಗವನ್ನು ಒಂದು ಹಂತ ಏರಿಸಿದರೆ ಮುಗಿಯುವ ವ್ಯತ್ಯಾಸ. ರಾಜಸ್ಥಾನದ ಫಲೋದಿ 2016ರ ಮೇ 19ರಂದು ಕಂಡ 51 ಡಿಗ್ರಿಯಾಗಲಿ, ಅಮೆರಿಕದ ಫೀನಿಕ್ಸ್ ನಗರ 2023ರಲ್ಲಿ ಸತತ 31 ದಿನ ಸಹಿಸಿದ 43 ಡಿಗ್ರಿ ಮೀರಿದ ಹಗಲುಗಳಾಗಲಿ ಆ ಒಂದೂವರೆಯೊಳಗೆ ಕಾಣುವುದಿಲ್ಲ. ಸರಾಸರಿಗೆ ಬೆವರು ಬರುವುದಿಲ್ಲ. ಬೆವರು ಬರುವುದು ಮೈಗೆ.

ಮೈ ಬಿಸಿಯನ್ನು ಎದುರಿಸುವ ಬಗೆಯನ್ನು ತಿಳಿದರೆ ಸರಾಸರಿ ಏಕೆ ಸಾಲದು ಎಂಬುದು ಸ್ಪಷ್ಟವಾಗುತ್ತದೆ. ಒಳಗಿನ ಕಾವನ್ನು ಹೊರಹಾಕಲು ಹೃದಯ ಹೆಚ್ಚು ರಕ್ತವನ್ನು ಚರ್ಮದ ಕಡೆ ನೂಕುತ್ತದೆ. ಬೆವರು ಆರುವಾಗ ಚರ್ಮ ತಂಪಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ, ಸುರಿಯುತ್ತದೆ ಅಷ್ಟೆ. ಬಿಸಿ ಮತ್ತು ತೇವ ಎರಡನ್ನೂ ಸೇರಿಸಿ ಅಳೆಯುವ ವೆಟ್-ಬಲ್ಬ್ ಉಷ್ಣಾಂಶ 35 ಡಿಗ್ರಿ ತಲುಪಿದರೆ ಆರೋಗ್ಯವಂತ ದೇಹವೂ ಕೆಲವು ಗಂಟೆಗಳಲ್ಲಿ ಸೋಲುತ್ತದೆ ಎಂದು 2010ರಲ್ಲಿ ವಿಜ್ಞಾನಿಗಳು ಸೈದ್ಧಾಂತಿಕ ಮಿತಿಯೊಂದನ್ನು ಸೂಚಿಸಿದ್ದರು. 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಗಳು ಆ ಮಿತಿ ಯುವಕರಲ್ಲೂ ಸುಮಾರು 31 ಡಿಗ್ರಿಗೇ ಎದುರಾಗಬಹುದು ಎಂದು ತೋರಿಸಿದವು. ಇದರ ಮೇಲೆ ರಾತ್ರಿಯ ಪಾತ್ರ ದೊಡ್ಡದು. ಹಗಲು ದಣಿದ ಹೃದಯಕ್ಕೆ ರಾತ್ರಿಯ ತಂಪಿನಲ್ಲಿ ವಿಶ್ರಾಂತಿ ಸಿಗಬೇಕು. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿ ಅದನ್ನು ಉಗುಳುವ ನಗರಗಳಲ್ಲಿ ಆ ವಿಶ್ರಾಂತಿ ಇಲ್ಲ. ಹೀಗಾಗಿ ಬಿಸಿಲಿನ ಕಥೆಯನ್ನು ಹೇಳಬೇಕಾದ ಅಳತೆಗೋಲು ಗಂಟೆ, ಕೋಣೆ ಮತ್ತು ದೇಹ.

ಈ ದಾರಿಯಲ್ಲಿ ನಡೆದ ಕೃತಿಗಳು ಇಲ್ಲದಿಲ್ಲ. ಅಮೆರಿಕದ ಕಲಾವಿದೆ ಆಂಡ್ರಿಯಾ ಪೊಲ್ಲಿ 2004ರಲ್ಲಿ ‘ಹೀಟ್ ಅಂಡ್ ದ ಹಾರ್ಟ್‌ಬೀಟ್ ಆಫ್ ದ ಸಿಟಿ’ ಎಂಬ ಕೃತಿಯನ್ನು ಅಂತರ್ಜಾಲಕ್ಕಾಗಿ ರಚಿಸಿದರು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಬೇಸಿಗೆಯ ಉಷ್ಣಾಂಶದ ದಾಖಲೆಗಳನ್ನೂ, ಮುಂದಿನ ದಶಕಗಳ ಬೇಸಿಗೆ ಹೇಗಿರಬಹುದು ಎಂದು ವಿಜ್ಞಾನಿಗಳ ಮಾದರಿಗಳು ಹೇಳಿದ್ದನ್ನೂ ಅವರು ಧ್ವನಿಯಾಗಿ ಮಾರ್ಪಡಿಸಿದರು. ಕೇಳುಗ ಕಾಲದಲ್ಲಿ ಮುಂದೆ ಸಾಗಿದಂತೆ ಸದ್ದು ತೀವ್ರವಾಗುತ್ತ ಹೋಗುತ್ತದೆ. ಇಲ್ಲಿ ಎರಡು ಸರಿಯಾದ ಆಯ್ಕೆಗಳಿವೆ. ಭೂಮಿಯನ್ನು ಬಿಟ್ಟು ಒಂದು ನಗರವನ್ನು, ಅದರಲ್ಲೂ ಒಂದು ಜಾಗವನ್ನು ಆರಿಸಿಕೊಂಡದ್ದು ಮೊದಲನೆಯದು. ಕಣ್ಣನ್ನು ಬಿಟ್ಟು ಕಿವಿಯನ್ನು ಆರಿಸಿಕೊಂಡದ್ದು ಎರಡನೆಯದು. ಬಿಸಿ ಎಂಬುದು ಸಹಿಸುತ್ತ ಕೂರಬೇಕಾದ ಕಾಲ. ಚಿತ್ರವನ್ನು ಕಣ್ಣು ಒಮ್ಮೆಗೇ ನೋಡಿ ಮುಗಿಸಬಹುದು, ಸದ್ದನ್ನು ಅದು ಮುಗಿಯುವವರೆಗೆ ಕೇಳಲೇಬೇಕು. ಇಪ್ಪತ್ತು ವರ್ಷದ ಹಿಂದಿನ ಈ ಸರಳ ಕೃತಿ ಇಂದಿನ ಎಷ್ಟೋ ಝಗಮಗಿಸುವ ಪರದೆಗಳಿಗಿಂತ ವಿಷಯಕ್ಕೆ ಹತ್ತಿರವಾಗಿದೆ.

ಇನ್ನೊಂದು ಕೃತಿ ಬಿಸಿಲಿನ ಕಾರಣವನ್ನೇ ಹಿಡಿಯಿತು. 1901ರ ಜನವರಿ 10ರಂದು ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್ ಎಂಬಲ್ಲಿ ನೆಲ ಕೊರೆದಾಗ ಎಣ್ಣೆ ಆಕಾಶಕ್ಕೆ ಚಿಮ್ಮಿತು. ದಿನಕ್ಕೆ ಸುಮಾರು ಒಂದು ಲಕ್ಷ ಬ್ಯಾರೆಲ್‌ನಂತೆ ಒಂಬತ್ತು ದಿನ ಹರಿಯಿತು. ಅಮೆರಿಕದ ಪೆಟ್ರೋಲ್ ಯುಗ ಅಲ್ಲಿಂದ ಬಿರುಸು ಪಡೆಯಿತು. ಐರ್ಲೆಂಡಿನ ಕಲಾವಿದ ಜಾನ್ ಜೆರಾರ್ಡ್ 2017ರಲ್ಲಿ ಈಗ ಬರಿದಾಗಿರುವ ಆ ಬಯಲನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿ, ಅದರ ನಡುವೆ ಒಂದು ಧ್ವಜಸ್ತಂಭ ನಿಲ್ಲಿಸಿದರು. ಅದರ ತುದಿಯಿಂದ ಹೊರಬರುವ ಕಪ್ಪು ಹೊಗೆಯೇ ಬಾವುಟ. ‘ವೆಸ್ಟರ್ನ್ ಫ್ಲ್ಯಾಗ್’ ಎಂಬ ಈ ಕೃತಿ ಮೊದಲೇ ಚಿತ್ರಿಸಿಟ್ಟ ವಿಡಿಯೊ ಅಲ್ಲ. ಆ ಕ್ಷಣದಲ್ಲೇ ಗಣಿಸಲ್ಪಡುವ ದೃಶ್ಯ. ಟೆಕ್ಸಾಸ್‌ನಲ್ಲಿ ಸೂರ್ಯ ಮುಳುಗಿದಾಗ ಪರದೆಯಲ್ಲೂ ಮುಳುಗುತ್ತಾನೆ. ಅದಕ್ಕೆ ಆದಿಯಿಲ್ಲ, ಅಂತ್ಯವಿಲ್ಲ. ಆ ವರ್ಷದ ಭೂಮಿ ದಿನದಂದು ಬ್ರಿಟನ್ನಿನ ಚಾನೆಲ್ 4 ತನ್ನ ಕಾರ್ಯಕ್ರಮಗಳ ನಡುನಡುವೆ ಮುನ್ಸೂಚನೆಯಿಲ್ಲದೆ ಇದನ್ನು ತೋರಿಸಿತು. ಲಂಡನ್ನಿನ ಸಾಮರ್ಸೆಟ್ ಹೌಸ್ ಅಂಗಳದಲ್ಲಿ ಬೃಹತ್ ಪರದೆಯ ಮೇಲೆ ಅದು ಹಗಲೂ ರಾತ್ರಿ ಹಾರಾಡಿತು.

ಇಂಗಾಲದ ಡೈಆಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆ ಅನಿಲಕ್ಕೆ ಜೆರಾರ್ಡ್ ರೂಪ ಕೊಟ್ಟರು. ಮಿಗಿಲಾಗಿ ವಿಳಾಸ ಕೊಟ್ಟರು. ಇಂಥ ಜಾಗದಲ್ಲಿ, ಇಂಥ ದಿನ, ಇಂಥ ಉದ್ಯಮದಿಂದ ಇದು ಶುರುವಾಯಿತು ಎಂದು ಬೆರಳು ಮಾಡಿದರು. ಹವಾಮಾನದ ಕಲೆ ಬಹುಪಾಲು ‘ಮಾನವಕುಲ’ದ ತಪ್ಪಿನ ಬಗ್ಗೆ ಮರುಗುತ್ತದೆ. ಮಾನವಕುಲ ಎಂಬ ಪದದೊಳಗೆ ಎಣ್ಣೆಬಾವಿಯ ಒಡೆಯನೂ ಇದ್ದಾನೆ, ಯಾದಗಿರಿಯಲ್ಲಿ ತೊಗರಿ ಬಿತ್ತುವವನೂ ಇದ್ದಾನೆ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಸರಾಸರಿಯು ನೊಂದವರನ್ನು ಮರೆಮಾಡುವ ಹಾಗೆಯೇ ನೋವು ತಂದವರನ್ನೂ ಮರೆಮಾಡುತ್ತದೆ.

ಉಷ್ಣಮಾಪಕದ ದತ್ತಾಂಶ ಒಂದೇ ಇದ್ದರೆ ಸಾಕೆ? ಶಿಕಾಗೊದ ಅನುಭವ ಸಾಲದು ಎನ್ನುತ್ತದೆ. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ 1995ರ ಆ ದುರಂತದ ಬಗ್ಗೆ 2002ರಲ್ಲಿ ಬರೆದ ಪುಸ್ತಕದಲ್ಲಿ ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿದರು. ಎರಡರಲ್ಲೂ ಬಡವರಿದ್ದರು, ಒಂಟಿ ವೃದ್ಧರಿದ್ದರು. ಎರಡರ ಮೇಲೂ ಅದೇ ಬಿಸಿಲು ಸುರಿಯಿತು. ನಾರ್ತ್ ಲಾನ್‌ಡೇಲ್‌ನಲ್ಲಿ ಸಾವಿನ ಪ್ರಮಾಣ ಪಕ್ಕದ ಸೌತ್ ಲಾನ್‌ಡೇಲ್‌ಗಿಂತ ಬಹಳ ಹೆಚ್ಚಿತ್ತು. ಮೊದಲನೆಯದರಲ್ಲಿ ಅಂಗಡಿಗಳು ಮುಚ್ಚಿ, ಮನೆಗಳು ಪಾಳುಬಿದ್ದು, ಮುದುಕರು ಭಯದಿಂದ ಬಾಗಿಲು ಹಾಕಿಕೊಂಡಿದ್ದರು. ಎರಡನೆಯದರಲ್ಲಿ ಬೀದಿ ಗಿಜಿಗುಟ್ಟುತ್ತಿತ್ತು. ಹೊರಗೆ ಬರಲು, ತಂಪಾದ ಅಂಗಡಿಯಲ್ಲಿ ಕೂರಲು, ಯಾರೋ ವಿಚಾರಿಸಲು ಅವಕಾಶವಿತ್ತು. ಎರಡೂ ಬಡಾವಣೆಗಳನ್ನು ಉಷ್ಣಾಂಶದ ನಕ್ಷೆಯಲ್ಲಿ ಬರೆದರೆ ಒಂದೇ ಕೆಂಪು. ಜೀವ ಉಳಿಸಿದ ಸಂಗತಿ ಆ ಕೆಂಪಿನಲ್ಲಿಲ್ಲ. ಬಿಸಿಲಿನ ಬಗ್ಗೆ ಕೃತಿ ರಚಿಸುವವರು ಬಾಗಿಲು, ಕಿಟಕಿ, ನೆರೆಹೊರೆ, ಕೂಲಿ, ನೀರಿನ ನಲ್ಲಿ ಇವನ್ನೂ ದತ್ತಾಂಶವೆಂದು ಬಗೆಯಬೇಕು.

ಇಲ್ಲಿ ಒಂದು ಕಠಿಣ ಸಂಗತಿ ಎದುರಾಗುತ್ತದೆ. ಡಿಜಿಟಲ್ ಕಲೆ ದತ್ತಾಂಶವನ್ನು ನೆಚ್ಚಿದೆ. ದತ್ತಾಂಶ ಎಣಿಸುವವರನ್ನು ನೆಚ್ಚಿದೆ. ಎಣಿಸದೆ ಬಿಟ್ಟವರು ಕಲೆಯಲ್ಲೂ ಕಾಣೆಯಾಗುತ್ತಾರೆ. ನಮ್ಮ ದೇಶದಲ್ಲಿ ಬಿಸಿಲಿನ ಸಾವುಗಳನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಒಂದು ಬಗೆಯಲ್ಲಿ, ಆರೋಗ್ಯ ಇಲಾಖೆಯ ವ್ಯವಸ್ಥೆ ಇನ್ನೊಂದು ಬಗೆಯಲ್ಲಿ ಲೆಕ್ಕವಿಡುತ್ತವೆ, ಎರಡೂ ತಾಳೆಯಾಗುವುದಿಲ್ಲ. ಗದ್ದೆಯಲ್ಲಿ ಕುಸಿದು ಮನೆಯಲ್ಲಿ ಸತ್ತವರು ಎರಡರಲ್ಲೂ ಬಾರದೆ ಹೋಗಬಹುದು. ಅಮೆರಿಕದಲ್ಲಿ ನೆಲೆಸಿದ ಕಲಾವಿದೆ ಮಿಮಿ ಒನುವೋಹಾ 2016ರಲ್ಲಿ ‘ದಿ ಲೈಬ್ರರಿ ಆಫ್ ಮಿಸ್ಸಿಂಗ್ ಡೇಟಾಸೆಟ್ಸ್’ ಎಂಬ ಕೃತಿಯಲ್ಲಿ ಒಂದು ಕಡತದ ಬೀರುವನ್ನಿಟ್ಟರು. ಅದರೊಳಗಿನ ಕಡತಗಳಿಗೆಲ್ಲ ಶೀರ್ಷಿಕೆಗಳಿವೆ. ತೆರೆದರೆ ಒಳಗೆ ಏನೂ ಇಲ್ಲ. ಯಾರೂ ಸಂಗ್ರಹಿಸದ ಮಾಹಿತಿಯ ಹೆಸರುಗಳು ಅವು. ಭಾರತದ ಬಿಸಿಲಿನ ಬಗ್ಗೆ ಅಂಥ ಬೀರು ಮಾಡಿದರೆ ಕಡತಗಳಿಗೆ ಏನೆಂದು ಹೆಸರಿಡಬೇಕೆಂದು ನಾವೆಲ್ಲ ಯೋಚಿಸಬೇಕು: ಶೀಟಿನ ಮನೆಗಳೊಳಗಿನ ರಾತ್ರಿಯ ಉಷ್ಣಾಂಶ, ಬಿಸಿಲಿನಿಂದ ಕಳೆದ ಕೂಲಿಯ ದಿನಗಳು, ಇಟ್ಟಿಗೆಗೂಡಿನ ಗರ್ಭಿಣಿಯರು. ಇಲ್ಲದ ದತ್ತಾಂಶವನ್ನು ಇಲ್ಲವೆಂದೇ ತೋರಿಸುವುದು ಕೂಡ ಕಲೆಯ ಕರ್ತವ್ಯ.

ಇರುವ ದತ್ತಾಂಶದ ಬಗ್ಗೆಯೂ ಅಷ್ಟೇ ನಿಷ್ಠೆ ಬೇಕು. 2024ರ ಮೇ 29ರಂದು ದೆಹಲಿಯ ಮುಂಗೇಶಪುರ ಕೇಂದ್ರದಲ್ಲಿ 52.9 ಡಿಗ್ರಿ ದಾಖಲಾಯಿತು ಎಂಬ ಸುದ್ದಿ ಜಗತ್ತೆಲ್ಲ ಹರಡಿತು. ಅಲ್ಲಿನ ಸಂವೇದಕ ಸುಮಾರು 3 ಡಿಗ್ರಿ ಹೆಚ್ಚು ತೋರಿಸಿದೆ ಎಂದು ಹವಾಮಾನ ಇಲಾಖೆ ಪರಿಶೀಲಿಸಿ ತಿಳಿಸಿತು. ಸುಮಾರು 50 ಡಿಗ್ರಿಯೂ ಮನುಷ್ಯರು ಬಾಳುವ ಬಿಸಿಯಲ್ಲ. ಉತ್ಪ್ರೇಕ್ಷೆಯ ಅಗತ್ಯವೇ ಇರಲಿಲ್ಲ. ಭಯವನ್ನು ಹೆಚ್ಚಿಸಲು ಅಂಕಿಯನ್ನು ಹಿಗ್ಗಿಸುವ, ನಕ್ಷೆಗೆ ಬೇಕೆಂದೇ ರಕ್ತದ ಬಣ್ಣ ಬಳಿಯುವ ಕಲಾವಿದ ತನ್ನ ವಿಷಯಕ್ಕೇ ದ್ರೋಹ ಬಗೆಯುತ್ತಾನೆ. ಒಮ್ಮೆ ಸುಳ್ಳೆಂದು ತಿಳಿದ ಎಚ್ಚರಿಕೆಯನ್ನು ಜನ ಎರಡನೇ ಸಲ ನಂಬುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಕಲೆಯಿಂದ ಏನಾದರೂ ಬದಲಾಗುತ್ತದೆಯೇ ಎಂಬುದು ಗಂಭೀರವಾದ ಆಕ್ಷೇಪ. ಮನಶ್ಶಾಸ್ತ್ರಜ್ಞರಾದ ಲಾರಾ ಸೊಮ್ಮರ್ ಮತ್ತು ಕ್ರಿಶ್ಚಿಯನ್ ಕ್ಲೊಕ್ನರ್ 2015ರ ಪ್ಯಾರಿಸ್ ಹವಾಮಾನ ಸಮ್ಮೇಳನದ ಸಮಯದಲ್ಲಿ ಪ್ರದರ್ಶನಗೊಂಡ 37 ಕಲಾಕೃತಿಗಳಿಗೆ ನೋಡುಗರ ಪ್ರತಿಕ್ರಿಯೆಯನ್ನು ಅಳೆದರು. ವಿನಾಶವನ್ನು ತೋರಿಸಿ ಹೆದರಿಸಿದ ಕೃತಿಗಳಿಗಿಂತ, ಸಮಸ್ಯೆಯನ್ನು ಒಪ್ಪಿಕೊಂಡು ಅದಕ್ಕೊಂದು ದಾರಿಯನ್ನು ಬೆರಗಾಗುವಂತೆ ತೋರಿಸಿದ ಕೃತಿಗಳು ನೋಡುಗರ ಮನಸ್ಸನ್ನೂ ವಿಚಾರವನ್ನೂ ಹೆಚ್ಚು ಕದಲಿಸಿದ್ದವು. ಇದೇ ಸಂಶೋಧಕರು ಮೈಕೆಲ್ ಪಿನ್ಸ್ಕಿ ಎಂಬ ಕಲಾವಿದ 2017ರಲ್ಲಿ ರೂಪಿಸಿದ ‘ಪೊಲ್ಯೂಷನ್ ಪಾಡ್ಸ್’ ಎಂಬ ಗುಮ್ಮಟಗಳನ್ನೂ ಅಧ್ಯಯನ ಮಾಡಿದರು. ಅವುಗಳಲ್ಲಿ ದೆಹಲಿ, ಬೀಜಿಂಗ್ ಮೊದಲಾದ ನಗರಗಳ ಗಾಳಿಯ ಅನುಭವವನ್ನು ಕೃತಕವಾಗಿ ಕಟ್ಟಿಕೊಡಲಾಗಿತ್ತು. ಒಳಹೊಕ್ಕು ಬಂದವರಲ್ಲಿ ಏನಾದರೂ ಮಾಡಬೇಕೆಂಬ ಇಚ್ಛೆ ಸ್ವಲ್ಪ ಹೆಚ್ಚಿತು. ತಮ್ಮ ಇಂಗಾಲದ ಲೆಕ್ಕವನ್ನು ನೋಡಿಕೊಳ್ಳುವ ಅವಕಾಶ ಕೊಟ್ಟಾಗ ಬಹುತೇಕರು ಅದನ್ನು ಬಳಸಿಕೊಳ್ಳಲಿಲ್ಲ. ಇಚ್ಛೆಗೂ ಕ್ರಿಯೆಗೂ ನಡುವೆ ಕಂದಕವಿದೆ.

ಈ ಫಲಿತಾಂಶಗಳನ್ನು ನಾನು ಕಲೆಯ ಸೋಲೆಂದು ಓದುವುದಿಲ್ಲ. ಅನುಭವ ಕೊಟ್ಟು ಕೈಬಿಟ್ಟರೆ ಆಗದು, ಮುಂದೇನೆಂಬುದನ್ನೂ ಕಟ್ಟಬೇಕು ಎಂಬ ಸೂಚನೆ ಅವುಗಳಲ್ಲಿದೆ. ಅಹಮದಾಬಾದನ್ನು ನೋಡಿ. 2010ರ ಆಘಾತದ ನಂತರ 2013ರಲ್ಲಿ ಆ ನಗರ ದಕ್ಷಿಣ ಏಷ್ಯಾದಲ್ಲೇ ಮೊದಲ ಶಾಖ ಕ್ರಿಯಾ ಯೋಜನೆಯನ್ನು ಜಾರಿಗೆ ತಂದಿತು. ಅದರ ನಡುವೆ ಇರುವುದು ಒಂದು ಬಣ್ಣದ ಭಾಷೆ: ಹಳದಿ, ಕಿತ್ತಳೆ, ಕೆಂಪು. 45 ಡಿಗ್ರಿ ಮುಟ್ಟುವ ಮುನ್ಸೂಚನೆಯಿದ್ದರೆ ಕೆಂಪು. ಬಣ್ಣ ಬದಲಾದರೆ ಆಸ್ಪತ್ರೆ ಸಜ್ಜಾಗಬೇಕು, ನೀರಿನ ಅರವಟ್ಟಿಗೆ ತೆರೆಯಬೇಕು, ಮುನ್ಸೂಚನೆ ನಗರದ ಎಲ್‌ಇಡಿ ಫಲಕಗಳಲ್ಲಿ, ಮೊಬೈಲ್ ಸಂದೇಶಗಳಲ್ಲಿ ಹೋಗಬೇಕು. ಯೋಜನೆ ಜಾರಿಯಾದ ಮೇಲಿನ ಮೊದಲ ಎರಡು ವರ್ಷಗಳಲ್ಲಿ ವರ್ಷಕ್ಕೆ ಸರಾಸರಿ 1,190 ಸಾವುಗಳು ತಪ್ಪಿದವು ಎಂದು 2018ರ ಅಧ್ಯಯನವೊಂದು ಅಂದಾಜಿಸಿತು. ಹಾಕಿನ್ಸ್ ಬಳಸಿದ್ದೂ ಬಣ್ಣದ ಭಾಷೆಯನ್ನೇ. ಅವರದು ನೂರೈವತ್ತು ವರ್ಷಗಳ ಕಥೆ ಹೇಳುತ್ತದೆ, ಅಹಮದಾಬಾದಿನದು ನಾಳೆಯ ಮಧ್ಯಾಹ್ನದ ಬಗ್ಗೆ ಎಚ್ಚರಿಸುತ್ತದೆ. ಇವೆರಡರ ನಡುವೆ ತುಂಬಬೇಕಾದ ಜಾಗವೇ ಕಲಾವಿದರದ್ದು. ಎಚ್ಚರಿಕೆಯ ಫಲಕಕ್ಕೆ ನೆನಪನ್ನೂ, ನೆನಪಿನ ಚಿತ್ರಕ್ಕೆ ಉಪಯೋಗವನ್ನೂ ಅವರು ತರಬಲ್ಲರು.

ಎರಡನೆಯ ಆಕ್ಷೇಪ ಇನ್ನೂ ನೇರವಾದದ್ದು: ಬಿಸಿಯ ಬಗ್ಗೆ ಮಾತಾಡುವ ಈ ಕಲೆ ತಾನೇ ಬಿಸಿ ಹೆಚ್ಚಿಸುವುದಿಲ್ಲವೆ? 2021ರ ಮಾರ್ಚ್‌ನಲ್ಲಿ ಬೀಪಲ್ ಎಂಬ ಹೆಸರಿನ ಕಲಾವಿದನ ಡಿಜಿಟಲ್ ಕೃತಿಯೊಂದು ಕ್ರಿಸ್ಟೀಸ್ ಹರಾಜಿನಲ್ಲಿ 6.9 ಕೋಟಿ ಡಾಲರ್‌ಗೆ ಎನ್‌ಎಫ್‌ಟಿಯಾಗಿ (ಡಿಜಿಟಲ್ ಒಡೆತನದ ಗುರುತಾಗಿ) ಮಾರಾಟವಾಯಿತು. ಇಂಥ ಮಾರಾಟಗಳ ಹಿಂದಿನ ಇಥೀರಿಯಮ್ ಎಂಬ ಬ್ಲಾಕ್‌ಚೈನ್ ಜಾಲ ಆಗ ಅಪಾರ ವಿದ್ಯುತ್ ನುಂಗುತ್ತಿತ್ತು. 2020ರ ಕೊನೆಯಲ್ಲೇ ಕಲಾವಿದ ಮೆಮೊ ಆಕ್ಟೆನ್ ಇಂಥ ಕೃತಿಗಳ ಇಂಗಾಲದ ಲೆಕ್ಕವನ್ನು ಬಯಲಿಗಿಟ್ಟರು. ಹಲವು ಕಲಾವಿದರು ಆ ಮಾರುಕಟ್ಟೆಯಿಂದ ಹಿಂದೆ ಸರಿದರು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಮ್ ತನ್ನ ವಿಧಾನ ಬದಲಿಸಿ ವಿದ್ಯುತ್ ಬಳಕೆಯನ್ನು ಶೇ 99ಕ್ಕಿಂತ ಹೆಚ್ಚು ತಗ್ಗಿಸಿತು. ಪ್ರಶ್ನೆ ಕೇಳಿದ್ದು ವ್ಯರ್ಥವಾಗಲಿಲ್ಲ. ಈಗ ಅದೇ ಪ್ರಶ್ನೆಯನ್ನು ಕೃತಕ ಬುದ್ಧಿಮತ್ತೆಯ ಚಿತ್ರಗಳಿಗೆ ಕೇಳಬೇಕಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ ದತ್ತಾಂಶ ಕೇಂದ್ರಗಳು 2024ರಲ್ಲಿ ಜಗತ್ತಿನ ವಿದ್ಯುತ್ತಿನ ಸುಮಾರು ಶೇ 1.5ರಷ್ಟನ್ನು ಬಳಸಿದವು, 2030ರ ಹೊತ್ತಿಗೆ ಆ ಬಳಕೆ ಇಮ್ಮಡಿ ಮೀರಬಹುದು. ಉರಿಯುವ ನಗರ, ಕರಗುವ ಗಡಿಯಾರ, ಬಿರುಕುಬಿಟ್ಟ ಭೂಗೋಳ ಇವನ್ನು ಯಂತ್ರಕ್ಕೆ ಹೇಳಿ ನಿಮಿಷಕ್ಕೆ ಹತ್ತು ಮಾಡಿಸಬಹುದು. ಅಂಥ ಚಿತ್ರಗಳ ಹಿಂದೆ ಯಾವ ಅಳತೆಯೂ ಇಲ್ಲ, ಯಾವ ಊರೂ ಇಲ್ಲ, ಯಾವ ಮೈಯೂ ಇಲ್ಲ. ನೋಡುಗ ಅವನ್ನು ದಾಟಿ ಮುಂದಕ್ಕೆ ಹೋಗುತ್ತಾನೆ. ಖರ್ಚಾದ ವಿದ್ಯುತ್ತು ಮಾತ್ರ ನಿಜ.

ಮಿತಿಯನ್ನು ಒಪ್ಪಿಕೊಂಡೇ ಕೆಲಸ ಮಾಡಬಹುದು ಎಂಬುದಕ್ಕೆ ‘ಸೋಲಾರ್ ಪ್ರೊಟೊಕಾಲ್’ ಒಳ್ಳೆಯ ನಿದರ್ಶನ. ಟೀಗಾ ಬ್ರೇನ್, ಅಲೆಕ್ಸ್ ನಾಥನ್ಸನ್, ಬೆನೆಡೆಟ್ಟಾ ಪಿಯಾಂಟೆಲ್ಲಾ ರೂಪಿಸಿದ ಈ ಕೃತಿಯಲ್ಲಿ ಬೇರೆ ಬೇರೆ ದೇಶಗಳ ಸ್ವಯಂಸೇವಕರು ನೋಡಿಕೊಳ್ಳುವ, ಸೌರ ವಿದ್ಯುತ್ತಿನಿಂದ ನಡೆಯುವ ಸಣ್ಣ ಸರ್ವರ್‌ಗಳಿವೆ. ಆ ಕ್ಷಣದಲ್ಲಿ ಎಲ್ಲಿ ಹೆಚ್ಚು ಬಿಸಿಲಿದೆಯೋ ಅಲ್ಲಿನ ಸರ್ವರ್ ಜಾಲತಾಣವನ್ನು ಒದಗಿಸುತ್ತದೆ. ಸೂರ್ಯನ ನಡೆಯೇ ಇಲ್ಲಿ ತರ್ಕ. ಬಿಸಿಲಿನ ಬಗ್ಗೆ ಹೇಳುವ ಕೃತಿ ಬಿಸಿಲಿನಿಂದಲೇ, ಬಿಸಿಲು ಎಷ್ಟು ಕೊಟ್ಟಿತೋ ಅಷ್ಟರಲ್ಲೇ ನಡೆಯುವುದು ಪ್ರಾಮಾಣಿಕವಾದ ರೂಪ.

ನಮ್ಮ ನಾಡಿಗೆ ಈ ಮಾತು ದೂರದ್ದಲ್ಲ. ಬೆಂಗಳೂರಿನ ಸೈನ್ಸ್ ಗ್ಯಾಲರಿ ತನ್ನ ಸ್ವಂತ ಕಟ್ಟಡವನ್ನು 2024ರ ಜನವರಿಯಲ್ಲಿ ‘ಕಾರ್ಬನ್’ ಎಂಬ ಪ್ರದರ್ಶನದೊಂದಿಗೆ ತೆರೆಯಿತು. ವಿಜ್ಞಾನ ಮತ್ತು ಕಲೆ ಕೂಡುವ ಜಾಗ ನಮ್ಮಲ್ಲಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳ ಜಾಲವಿದೆ. ಇಷ್ಟು ಹತ್ತಿರದಿಂದ ಅಳೆಯುವ ಏರ್ಪಾಡು ದೇಶದಲ್ಲಿ ಅಪರೂಪ. ಬೇಸಿಗೆ ಬಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಮತ್ತು ಬಾಗಲಕೋಟೆಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಯುವುದು ರೂಢಿ. ಅಲ್ಲಿನ ನರೇಗಾ ಕೂಲಿಗಳಿಗೆ ಬೇಸಿಗೆಯಲ್ಲಿ ಕೆಲಸದ ಅಳತೆಯಲ್ಲಿ ರಿಯಾಯಿತಿ ಕೊಟ್ಟದ್ದೂ ಉಂಟು. ಬಿಸಿಲನ್ನು ಆಡಳಿತ ಗುರುತಿಸಿದೆ ಎಂಬುದಕ್ಕೆ ಇವು ಸಾಕ್ಷಿ. ಆದರೆ ಅದೇ ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಬೆಂಗಳೂರಿಗೆ ಗುಳೆ ಬಂದು ಕಟ್ಟಡ ಕಟ್ಟುವವರು ಮಲಗುವುದು ತಗಡಿನ ಶೆಡ್ಡುಗಳಲ್ಲಿ. ಊರಿನಲ್ಲಿ ಮಣ್ಣಿನ ಮಾಳಿಗೆಯಾದರೂ ಇತ್ತು. ತಂಪಿನ ನಗರವೆಂದು ಹೆಸರಾದ ಊರಿನ ಸರಾಸರಿಯಲ್ಲಿ ಆ ಶೆಡ್ಡಿನೊಳಗಿನ ಬೇಗೆ ಎಲ್ಲೂ ಬರುವುದಿಲ್ಲ.

ಇಲ್ಲಿ ಕನ್ನಡದ ಕಲಾವಿದರು, ಪ್ರೋಗ್ರಾಮರ್‌ಗಳು ಮಾಡಬಹುದಾದ ಕೆಲಸ ಬಹಳಷ್ಟಿದೆ. ಒಂದನ್ನು ಹೇಳುತ್ತೇನೆ. ನಮ್ಮ ರೈತರು ವರ್ಷವನ್ನು ಮಳೆನಕ್ಷತ್ರಗಳಿಂದ ಎಣಿಸುತ್ತ ಬಂದವರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಬೇಸಿಗೆಯ ನಡುವೆ ಅಶ್ವಿನಿ, ಭರಣಿ, ಕೃತ್ತಿಕೆಗಳು ಬರುತ್ತವೆ. ವರ್ಷಕ್ಕೊಂದು ಪಟ್ಟಿಯ ಬದಲು ನಕ್ಷತ್ರಕ್ಕೊಂದರಂತೆ ಇಪ್ಪತ್ತೇಳು ಪಟ್ಟಿಗಳನ್ನು, ಒಂದೊಂದು ಹೋಬಳಿಗೆ, ಹಗಲಿಗೆ ಬೇರೆ ರಾತ್ರಿಗೆ ಬೇರೆ ಬರೆದರೆ, ಭರಣಿಯ ರಾತ್ರಿ ಅಜ್ಜನ ಕಾಲಕ್ಕಿಂತ ಈಗ ಎಷ್ಟು ಬಿಸಿಯಾಗಿದೆ ಎಂಬುದನ್ನು ಸೇಡಂ ತಾಲ್ಲೂಕಿನ ರೈತ ತನ್ನದೇ ಪಂಚಾಂಗದಲ್ಲಿ ಓದಿಕೊಳ್ಳುತ್ತಾನೆ. ಅದು ಗ್ಯಾಲರಿಯ ಬಿಳಿ ಗೋಡೆಯ ಮೇಲೆ ಇದ್ದರೆ ಸಾಲದು. ಬಸ್ ನಿಲ್ದಾಣದ ಪರದೆಯಲ್ಲಿ, ಗ್ರಾಮ ಪಂಚಾಯಿತಿಯ ಗೋಡೆಯಲ್ಲಿ, ಕೂಲಿಗಾರರ ಫೋನಿನಲ್ಲಿ ಇರಬೇಕು. ಕೆಳಗೆ ಹತ್ತಿರದ ನೆರಳು, ನೀರು, ಆಸ್ಪತ್ರೆ ಎಲ್ಲಿವೆ ಎಂದೂ ಬರೆದಿರಬೇಕು.

ಸರ್ಕಾರಕ್ಕೂ ಒಂದು ಮಾತು. ಹೋಬಳಿವಾರು ಉಷ್ಣಾಂಶದ ದತ್ತಾಂಶವನ್ನು, ಹಿಂದಿನ ವರ್ಷಗಳ ದಾಖಲೆ ಸಮೇತ, ಯಾರು ಬೇಕಾದರೂ ಇಳಿಸಿಕೊಂಡು ಬಳಸುವಂತೆ ಮುಕ್ತವಾಗಿ ಕೊಡಬೇಕು. ಕಾರ್ಮಿಕರ ಶೆಡ್ಡುಗಳ ಒಳಗೂ ಉಷ್ಣಮಾಪಕಗಳನ್ನಿಟ್ಟು ಅಳೆಯಬೇಕು. ಬಿಸಿಲಿನ ಸಾವನ್ನು ಬಿಸಿಲಿನ ಸಾವೆಂದೇ ದಾಖಲಿಸಲು ವೈದ್ಯರಿಗೆ ತರಬೇತಿ ಬೇಕು. ಇವು ಕಲೆಯ ಬೇಡಿಕೆಗಳಂತೆ ಕಾಣದಿರಬಹುದು. ಆದರೆ ಇವಿಲ್ಲದೆ ಈ ಕಲೆಗೆ ಸತ್ಯವಾದ ಸಾಮಗ್ರಿ ಸಿಗುವುದಿಲ್ಲ.

ಹವಾಮಾನದ ಡಿಜಿಟಲ್ ಕಲೆ ತನ್ನ ಮೊದಲ ದಶಕಗಳಲ್ಲಿ ಭೂಮಿ ಕಾಯುತ್ತಿದೆ ಎಂದು ನಂಬಿಸುವ ಕೆಲಸ ಮಾಡಿತು. ಅದು ಬೇಕಾಗಿತ್ತು, ಅದನ್ನು ಅದು ಚೆನ್ನಾಗಿ ಮಾಡಿತು. ಈಗ ನಂಬದವರು ಕಡಿಮೆ, ಸಾಯುವವರು ಹೆಚ್ಚು. ಮುಂದೆ ಬಿಸಿಲಿನ ಬಗ್ಗೆ ಯಾವ ಕೃತಿ ನಿಮ್ಮ ಮುಂದೆ ಬಂದರೂ ಮೂರು ಪ್ರಶ್ನೆ ಕೇಳಿ: ಇದು ಯಾರ ಬಿಸಿಲು? ಅದನ್ನು ತಂದವರು ಯಾರು? ಇದನ್ನು ನೋಡಿದ ಮೇಲೆ ಯಾರಿಗೆ ನೆರಳು ಸಿಗುತ್ತದೆ? ಈ ಮೂರಕ್ಕೂ ಉತ್ತರ ಕೊಡುವ ಕೃತಿಯನ್ನು ಬೆಂಬಲಿಸಿ, ಹಂಚಿ, ನಿಮ್ಮ ಊರಿನ ಗೋಡೆಗೆ ತನ್ನಿ. ಉತ್ತರವಿಲ್ಲದ ಕೃತಿಗೆ, ಅದು ಎಷ್ಟೇ ಹೊಳೆಯಲಿ, ನಮ್ಮ ಹೊತ್ತನ್ನೂ ವಿದ್ಯುತ್ತನ್ನೂ ಕೊಡಬೇಕಾಗಿಲ್ಲ.